ಖಾಲಿ ಉಳಿದ ಎಡಗಡೆ ಸೀಟು

ಹುಬ್ಬಳ್ಳಿಯಲ್ಲಿ ಮುರಿಗೆಪ್ಪ ಅಂತ ಒಬ್ಬ ಉದ್ಯಮಿ... ಪೈಪು, ಪಂಪ್‌ಸೆಟ್ಟಿನ ಹೋಲ್‌ಸೇಲ್ ವ್ಯಾಪಾರ. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಹುಚ್ಚು ಒಂದೇ... ಕಾರು.

ಅದೂ ಅಂತಿಂಥ ಕಾರಲ್ಲ. ದೊಡ್ಡ ವಿದೇಶಿ ಕಂಪನಿಯದು. ಉದ್ದಕ್ಕೆ, ತಗ್ಗಾಗಿ, ಹೊಟ್ಟೆ ನೆಲಕ್ಕೆ ತಾಗೀತೇನೋ ಅನ್ನುವ ಹಾಗೆ ಇರುವಂಥದ್ದು.

ಆ ಕಂಪನಿ ಹುಟ್ಟಿದಾಗಿನಿಂದ ಅಂಥ ಕಾರನ್ನೇ ಮಾಡುತ್ತ ಬಂದಿತ್ತು. ಎತ್ತರದ ಗಾಡಿ ಮಾಡುವುದು ತನ್ನ ಮರ್ಯಾದೆಗೆ ಕಡಿಮೆ ಅಂತ ಅದರ ಭಾವನೆ. ಮುರಿಗೆಪ್ಪನವರ ಭಾವನೆಯೂ ಅದೇ.

ಕಾರು ಬಂದ ಹೊಸದರಲ್ಲಿ ಪ್ರತಿ ಭಾನುವಾರ ಸಂಜೆ ಹೆಂಡತಿ ನೀಲಗಂಗಾ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದರು. ಉಣಕಲ್ ಕೆರೆಯ ಹತ್ತಿರ ಗಾಡಿ ನಿಲ್ಲಿಸಿ ಇಬ್ಬರೂ ಗಿರ್ಮಿಟ್ ತಿನ್ನುತ್ತಿದ್ದರು.

ಸೀಟಿನ ಮೇಲೆ ಚುರುಮುರಿ ಚೆಲ್ಲಿತು ಅಂತ ಇವರು ಗದರುವುದು... ಅವರು ಬಾಯಿಗೆ ಸೆರಗು ಹಿಡಿದು ನಗುವುದು...

ಆಮೇಲೆ ಏನಾಯಿತೋ.

"ಇವತ್ತ ಬ್ಯಾಡ್ರಿ... ನೀವ ಹೋಗಿ ಬರ್ರಿ."

"ಯಾಕ?"

"ಯಾಕೋ ಮನಸ್ಸಿಲ್ರಿ."

ಮುಂದಿನ ಭಾನುವಾರವೂ ಅದೇ ಮಾತು. ಮದುವೆಗೆ ಕರೆದರೂ ಅದೇ ಮಾತು.

ಮುರಿಗೆಪ್ಪ ಮೊದಮೊದಲು ಮುನಿಸಿಕೊಂಡರು. ನನ್ನ ಜೊತೆ ಬರುವುದೇ ಇವಳಿಗೆ ಬೇಸರ ಅಂತ ತಾವೇ ತೀರ್ಮಾನಿಸಿದರು. ಕೊನೆಗೆ ಕರೆಯುವುದನ್ನೇ ಬಿಟ್ಟರು.

ಆದರೂ ಆಸೆ ಬಿಡಬೇಕಲ್ಲ...

ಭಾನುವಾರ ಸಂಜೆ ಕೀಲಿಕೈ ಹಿಡಿದು ಬಾಗಿಲಲ್ಲಿ ಸುಮ್ಮನೆ ತಡ ಮಾಡುತ್ತಿದ್ದರು. ಎದುರಿಗೇ ಇದ್ದ ಚಪ್ಪಲಿಯನ್ನು ಹುಡುಕುತ್ತಿದ್ದರು. ಕೆಮ್ಮುತ್ತಿದ್ದರು. ಅಡುಗೆಮನೆಯಿಂದ ಒಂದು ಮಾತೂ ಬರುತ್ತಿರಲಿಲ್ಲ.

ಕೆರೆಯ ಹತ್ತಿರ ಒಬ್ಬರೇ ಕೂತಾಗ ಎಡಗಡೆ ಸೀಟು ಚೊಕ್ಕಟವಾಗಿ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಚುರುಮುರಿಯೂ ಚೆಲ್ಲಿರುತ್ತಿರಲಿಲ್ಲ. ಒಂದೇ ಒಂದು ಸಲ ಅವಳು ಬಂದು ಕೂತರೆ ಸಾಕಿತ್ತು...

ಹೀಗೇ ವರ್ಷಗಳು ಕಳೆದವು.

ಒಂದು ದಿನ ಶೋರೂಮಿನಿಂದ ಫೋನ್ ಬಂತು. ಕಂಪನಿ ಮೊಟ್ಟಮೊದಲ ಬಾರಿಗೆ ಎತ್ತರದ ಎಸ್‌ಯುವಿ ಗಾಡಿ ಮಾಡಿದೆ, ಬಂದು ನೋಡಿ ಅಂತ.

ಮುರಿಗೆಪ್ಪನವರಿಗೆ ನೆತ್ತಿಗೇರಿತು ಸಿಟ್ಟು. ಮರುದಿನ ಅಂಗಡಿಗೆ ಹೊರಟವರು ದಾರಿಯಲ್ಲಿ ಗಾಡಿ ತಿರುಗಿಸಿ ನೇರ ಶೋರೂಮಿಗೆ ಹೋದರು.

"ನಿಮ್ಮ ಕಂಪನಿಗೆ ಏನ್ ಬಂತವ್ವಾ? ಎಂಥಾ ಕಾರ್ ಮಾಡವ್ರು, ಈಗ ಜೀಪ್ ಮಾಡಾಕ ನಿಂತ್ರೇನು?"

ಸೇಲ್ಸ್ ಹುಡುಗಿ ನಕ್ಕಳು. "ಬೈರಿ ಸರ್... ಆದ್ರ ಒಂದ್ಸಲ ಕುಂತು ನೋಡಿ ಬೈರಿ."

ಕೂತರು. ಸೀಟು ಸರಿಯಾಗಿ ಸೊಂಟದ ಎತ್ತರಕ್ಕಿತ್ತು. ಬಗ್ಗಬೇಕಿಲ್ಲ, ಒಳಗೆ ಬೀಳಬೇಕಿಲ್ಲ. ಇಳಿಯುವಾಗ ಯಾವುದನ್ನೂ ಹಿಡಿದುಕೊಳ್ಳದೆ ಇಳಿದದ್ದು ಅವರಿಗೇ ಆಶ್ಚರ್ಯವಾಯಿತು.

"ಇಷ್ಟು ವರ್ಷ ಬಿಟ್ಟು ಈಗ ಯಾಕ ಈ ಬುದ್ಧಿ ಬಂತು?"

"ನಮ್ಮ ಗಾಡಿ ಬಿಟ್ಟು ಹೋದ ಹಳೇ ಕಸ್ಟಮರ್‌ಗಳಿಗೆ ಕಂಪನಿಯವರು ಕೇಳಿದ್ರಂತ್ರಿ ಸರ್, ಯಾಕ ಬಿಟ್ರಿ ಅಂತ. ಭಾಳ ಮಂದಿ ಒಂದ ಮಾತು ಹೇಳಿದ್ರಂತ... ಮನಿಯವರಿಗೆ ಮೊಣಕಾಲು ನೋವು, ಇಷ್ಟು ತಗ್ಗಿನ ಗಾಡಿ ಹತ್ತಿ ಇಳಿಯಾಕ ಆಗವಲ್ದು, ಅವರು ಸಂಗಾಟ ಬರೋದ ಬಿಟ್ಟಾರ ಅಂತ."

ಮುರಿಗೆಪ್ಪ ಹೊರಗೆ ನಿಂತಿದ್ದ ತಮ್ಮ ಗಾಡಿಯತ್ತ ನೋಡಿದರು.

ಕೇಶ್ವಾಪುರದ ಒಂದು ಕಲ್ಯಾಣ ಮಂಟಪ ನೆನಪಾಯಿತು... ನೀಲಗಂಗಾ ಕಾರಿನಿಂದ ಒಂದು ಕಾಲು ಹೊರಗಿಟ್ಟು, ಬಾಗಿಲು ಹಿಡಿದು, ಏಳಲಾಗದೆ ಒದ್ದಾಡುತ್ತಿದ್ದರು. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರು. ಮಂಟಪದ ಬಾಗಿಲಲ್ಲಿ ನಿಂತ ಬೀಗರೆಲ್ಲ ನೋಡುತ್ತಿದ್ದರು.

ಇವರು ಅತ್ತ ತಿರುಗಿಯೂ ನೋಡದೆ "ಲಗೂ ಇಳಿ" ಅಂದಿದ್ದರು.

ಅದೇ ಕೊನೆ. ಆಮೇಲೆ ನೀಲಗಂಗಾ ಆ ಗಾಡಿ ಹತ್ತಿರಲಿಲ್ಲ.

ಮೊಣಕಾಲಿಗೆ ಹಚ್ಚಲು ಎಣ್ಣೆಯನ್ನು ಇವರೇ ತಂದುಕೊಟ್ಟಿದ್ದರು! ಆದರೆ ಅದಕ್ಕೂ ಇದಕ್ಕೂ ಸಂಬಂಧವಿದೆ ಅಂತ ಹೊಳೆದೇ ಇರಲಿಲ್ಲ.

ಅಂಗಡಿಗೆ ಹೋಗಲಿಲ್ಲ. ಸೀದಾ ಮನೆಗೆ ಬಂದರು.

ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದರೆ...

ನೀಲಗಂಗಾ ಒಲೆಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಒಂದು ಗಿಡ್ಡ ಸ್ಟೂಲಿನ ಮೇಲೆ ಮೆಲ್ಲಗೆ ಕೂರುತ್ತಿದ್ದರು. ಹಲ್ಲು ಕಚ್ಚಿ ಏಳುತ್ತಿದ್ದರು. ಉಸಿರು ಬಿಟ್ಟು ಮತ್ತೆ ಕೂರುತ್ತಿದ್ದರು.

"ಏನ್ ಮಾಡಾಕತ್ತಿ, ನೀಲಾ?"

ಬೆಚ್ಚಿಬಿದ್ದರು. "ಏನಿಲ್ರಿ... ಸುಮ್ನ."

"ಖರೇ ಹೇಳು."

ನೀಲಗಂಗಾ ಸೆರಗಿನ ಅಂಚು ತಿರುವಿದರು.

"ನಿಮ್ಮ ಗಾಡಿ ಸೀಟು ಇಷ್ಟ ಎತ್ತರ ಐತ್ರಿ. ಇದರ ಮ್ಯಾಲೆ ಕುಂತು ಏಳಾಕ ಬಂದ್ರ ಅದರಾಗೂ ಬರ್ತೈತಿ... ದಿನಾ ನೀವು ಅಂಗಡಿಗೆ ಹೋದ ಮ್ಯಾಲೆ ರೂಢಿ ಮಾಡ್ತೀನ್ರಿ."

"ಮೊದಲ ಯಾಕ ಹೇಳಲಿಲ್ಲ?"

"ಆ ಗಾಡಿ ಅಂದ್ರ ನಿಮಗ ಜೀವ. ನನ್ನ ಕಾಲಿನ ಸಲುವಾಗಿ ಅದನ್ನ ಮಾರಿಬಿಟ್ರ ಅಂತ ಹೇಳಲಿಲ್ಲ."

ಆಮೇಲೆ ದನಿ ತಗ್ಗಿಸಿ ಅಂದರು...

"ಮುಂದಿನ ಸಲ ಕರದಾಗ ಬರ್ತೀನಿ ಅನ್ನಬೇಕಂತ ಮಾಡಿದ್ನಿ. ನೀವು ಕರಿಯೋದ ಬಿಟ್ರಿ."

ಮುರಿಗೆಪ್ಪ ಅದೇ ಸ್ಟೂಲಿನ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತರು. ಏಳುವಾಗ ಅವರಿಗೂ ಒಂದು ಕೈ ಬೇಕಾಯಿತು... ನೀಲಗಂಗಾ ಕೈ ಕೊಟ್ಟರು.

ಆ ಕೈ ಬಿಡದೆ ಮುರಿಗೆಪ್ಪ ಕೇಳಿದರು:

"ನಿನಗ ಹತ್ತಾಕ ಬರುವಂಥಾ ಎತ್ತರದ ಹೊಸಾ ಗಾಡಿ ಹೇಳಿ ಬಂದೀನಿ, ಅದು ಬರಾಕ ಇನ್ನ ತಡಾ ಐತಿ. ಇವತ್ತ ಸಂಜಿಗೆ ಆಟೋದಾಗ ಕೆರೀಗೆ ಹೋಗೋಣು. ಬರ್ತಿಯೇನು?"

"ಸಾಹುಕಾರ್ರು ಆಟೋದಾಗ ಬಂದ್ರ ಮಂದಿ ಏನಂದಾರ್ರಿ?"

"ಏನರ ಅನ್ಲಿ. ನೀ ಬರ್ತಿಯೋ ಇಲ್ಲೋ ಹೇಳು."

"ನೀವು ಕರೀಲಿ ಅಂತನ ಕುಂತೀನಲ್ರಿ, ಇಷ್ಟು ವರ್ಷ..."

•

ಎಲ್ಲೋ ದೂರದ ಕಂಪನಿ ಕೂಡ "ಯಾಕೆ ಬಿಟ್ಟಿರಿ?" ಅಂತ ಕೇಳಿ ತಿಳಿದುಕೊಳ್ಳುತ್ತದೆ... ಒಂದೇ ಮನೆಯಲ್ಲಿರುವ ನಾವು ಮುನಿಸಿಕೊಂಡು ಸುಮ್ಮನಾಗಿಬಿಡುತ್ತೇವೆ.

ನಿಮ್ಮ ಮನೆಯಲ್ಲೂ "ನೀವು ಹೋಗಿ ಬನ್ನಿ" ಅನ್ನುವವರು ಒಬ್ಬರಿದ್ದಾರಾ...? ಅವರನ್ನು ನೀವು ಕೊನೆಯ ಸಲ ಕರೆದದ್ದು ಯಾವಾಗ?