ರಾಜನ ಕೋಣೆ, ರಾಣಿಯ ಕೋಣೆ

"ಈ ಬಾಗಿಲು ಗಿಡ್ಡ ಆಯ್ತಮ್ಮಾ. ಕಿತ್ತು ಎತ್ತರಕ್ಕೆ ಕೂರಿಸಿ," ಎಂದರು ಅಜ್ಜಿ.

ಎಂಜಿನಿಯರಮ್ಮನ ಕೈಯಲ್ಲಿದ್ದ ಅಳತೆಯ ಟೇಪು ಸರಕ್ಕನೆ ಒಳಗೆ ಸರಿಯಿತು. ರಾಜನ ಕೋಣೆಯ ಆ ಚೌಕಟ್ಟನ್ನು ಆಗಲೇ ಒಮ್ಮೆ ಕಿತ್ತು ಕೂರಿಸಿಯಾಗಿತ್ತು. ಗಾರೆ ಇನ್ನೂ ಹಸಿ. ಮೇಸ್ತ್ರಿ ಕರಣೆ ಕೆಳಗಿಟ್ಟು ಸೂರು ನೋಡತೊಡಗಿದ.

"ಯಾಕಜ್ಜಿ?"

"ಕಿರೀಟ ತಾಗುತ್ತೆ."

ಊರಿನ ಹಳೆಯ ನಾಟಕಮಂದಿರ ಬಾಗಿಲು ಹಾಕಿ ತಲೆಮಾರೇ ಕಳೆದಿತ್ತು. ಮಾಡು ಕುಸಿದು, ಬಾಲ್ಕನಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಅದನ್ನು ಮೊದಲಿದ್ದ ಹಾಗೆಯೇ ನಿಲ್ಲಿಸಬೇಕೆಂದು ಊರಿನವರು ಪಟ್ಟು ಹಿಡಿದು, ಹಳೆಯ ಕಟ್ಟಡಗಳಿಗೆ ಮರುಜೀವ ಕೊಡುವ ಈ ಎಂಜಿನಿಯರಮ್ಮನನ್ನು ದೂರದಿಂದ ಕರೆಸಿದ್ದರು. ಬಂದು ನೋಡಿದರೆ ನಕ್ಷೆಯಿಲ್ಲ. ಇದ್ದೊಂದು ಚಿತ್ರಪಟ ಗೆದ್ದಲಿನ ಪಾಲಾಗಿತ್ತು. ಆ ಕಾಲದವರೆಂದು ಉಳಿದಿದ್ದು ಗಂಡ ಹೆಂಡತಿ ಇಬ್ಬರೇ. ಕಂಪನಿಯ ಹೆಸರುವಾಸಿ ನಾಟಕದಲ್ಲಿ ವರ್ಷಗಟ್ಟಲೆ ರಾಜ-ರಾಣಿಯಾಗಿ ಮೆರೆದವರು.

"ನಮ್ಮ ರಾಜ-ರಾಣೀನ ಕೇಳಿ, ಎಲ್ಲ ಹೇಳ್ತಾರೆ," ಅಂದಿದ್ದರು ಸಮಿತಿಯ ಅಧ್ಯಕ್ಷರು.

ಹೇಳುತ್ತಿದ್ದರು. ನಿಲ್ಲಿಸುತ್ತಲೇ ಇರಲಿಲ್ಲ.

ರಂಗದ ಎಡಕ್ಕೆ ರಾಜನ ಕೋಣೆ, ಬಲಕ್ಕೆ ರಾಣಿಯದು. ಅಜ್ಜಿ ಬೆಳಿಗ್ಗೆ ಬಂದವರೇ ರಾಜನ ಕೋಣೆಗೆ ನುಗ್ಗುವರು. ಕತ್ತಿ ತೂಗುಹಾಕುವ ಗೂಟ ಆ ಗೋಡೆಗಲ್ಲ, ಈ ಗೋಡೆಗೆ. ಅಜ್ಜ ರಾಣಿಯ ಕೋಣೆ ಬಿಟ್ಟು ಕದಲುವವರಲ್ಲ. ಮೆಟ್ಟಿಲು ತಗ್ಗಿಸಿ, ಸೀರೆಯ ನೆರಿಗೆ ಸಿಕ್ಕಿಕೊಳ್ಳುತ್ತೆ. ಕನ್ನಡಿ ಕೆಳಗಿಳಿಸಿ, ಕೂತು ಕಾಡಿಗೆ ತೀಡೋದು ಹೇಗೆ? ಹೆಂಡತಿಯ ಕೋಣೆಯ ಚಿಂತೆ ಗಂಡನಿಗೆ, ಗಂಡನ ಕೋಣೆಯದು ಹೆಂಡತಿಗೆ. ತಮ್ಮೆಲೆಯ ಹೆಗ್ಗಣ ಬಿಟ್ಟು ಪಕ್ಕದೆಲೆಯ ನೊಣ ಹುಡುಕುವುದು ಅಂದರೆ ಇದೇ ಎಂದು ಎಂಜಿನಿಯರಮ್ಮ ಹಲ್ಲು ಕಚ್ಚುತ್ತಿದ್ದಳು.

ಇವತ್ತು ಕಟ್ಟೆಯೊಡೆಯಿತು.

"ಅಜ್ಜೀ, ನಿಮ್ಮ ಕೋಣೆ ಹೇಗಿತ್ತು ಅಂತ ನೀವು ಹೇಳಿ ಸಾಕು. ಅಜ್ಜಂದು ಅಜ್ಜ ಹೇಳ್ಲಿ."

ಅಜ್ಜಿ ಪಿಳಿಪಿಳಿ ಕಣ್ಣು ಬಿಟ್ಟರು. "ಅದನ್ನೇ ಅಲ್ವೇನಮ್ಮಾ ನಾವು ಮಾಡ್ತಿರೋದು?"

"ಇವಳ ಕೋಣೆಗೆ ನಾನು ಒಂದು ದಿನವೂ ಕಾಲಿಟ್ಟವನಲ್ಲ," ಆ ಕಡೆಯಿಂದ ಅಜ್ಜನ ಸಣ್ಣ ದನಿ ಬಂತು. "ಕಂಪನೀಲಿ ಶಿಸ್ತು ಅಂದ್ರೆ ಶಿಸ್ತು."

ಅಜ್ಜ ಈ ಮಾತು ಹೇಳಿದ್ದು ರಾಣಿಯ ಕೋಣೆಯ ನಟ್ಟನಡುವೆ ನಿಂತು! ಅರವತ್ತಕ್ಕೇ ಅರಳುಮರಳು ಅನ್ನುತ್ತಾರೆ. ಇವರು ಎಂಬತ್ತು ದಾಟಿದವರು. ಇಂಥವರ ಮಾತು ಕಟ್ಟಿಕೊಂಡು ಗೋಡೆ ಒಡೆಯುತ್ತಾ ಕೂತರೆ ಮಂದಿರ ಈ ಜನ್ಮದಲ್ಲಿ ಮುಗಿಯುವುದಿಲ್ಲ.

ಊರಿನವನೇ ಆದ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಮೇಡಂ, ಒಂದು ಮಾತು. ಅವರಿಬ್ಬರೂ..."

"ನಿಮ್ಮದೂ ಶುರುವಾಯ್ತಾ? ಚೌಕಟ್ಟು ಇದ್ದ ಹಾಗೇ ಇರಲಿ. ನಾಳೆಯಿಂದ ಇವರನ್ನ ಒಳಗೆ ಬಿಡಬೇಡಿ."

ಮೇಸ್ತ್ರಿ ಕೆಳಗಿಟ್ಟ ಕರಣೆಯನ್ನು ಮತ್ತೆ ಎತ್ತಿಕೊಂಡ.

ಕೆಲಸವೇನೋ ಓಡಿತು. ಆದರೆ ಅಜ್ಜ-ಅಜ್ಜಿ ದಿನವೂ ಬಂದು ಎದುರಿನ ಅಂಗಡಿಯ ಜಗಲಿಯಲ್ಲಿ ಕೂರುವರು. ಒಳಗೆ ಸುತ್ತಿಗೆ ಬಿದ್ದಾಗಲೆಲ್ಲ ಕತ್ತು ಚಾಚುವರು. ಅದನ್ನು ನೋಡಿದರೆ ಎಂಜಿನಿಯರಮ್ಮನಿಗೆ ಇನ್ನಷ್ಟು ಸಿಟ್ಟು. ಯಾರ ಮೇಲೆ ಎಂದು ಅವಳಿಗೇ ತಿಳಿಯದು.

ಒಂದು ದಿನ ಜಗಲಿ ಖಾಲಿಯಿತ್ತು. ಅಜ್ಜ ಹಾಸಿಗೆ ಹಿಡಿದಿದ್ದಾರೆ ಎಂದು ಸುದ್ದಿ ಬಂತು. ಸಂಜೆ ಅಜ್ಜಿ ಒಬ್ಬರೇ ಬಂದು ಗೇಟಿನ ಹೊರಗೇ ನಿಂತರು.

"ಒಳಗೆ ಬರಲ್ಲಮ್ಮಾ. ಆ ಕನ್ನಡಿ ಒಂದು ಕೆಳಗಿಳಿಸಿಬಿಡು. ಮಲಗಿದಲ್ಲೂ ಅದನ್ನೇ ಕನವರಿಸ್ತಾರೆ. ನನ್ನ ಬಾಗಿಲು ಎಷ್ಟಾದರೂ ಇರಲಿ, ತಲೆ ತಗ್ಗಿಸಿಕೊಂಡು ಓಡಾಡ್ತೀನಿ. ಅಭ್ಯಾಸ ಇಲ್ಲ, ಆದರೂ ಮಾಡ್ಕೊಳ್ತೀನಿ."

ಅಜ್ಜಿ ರಸ್ತೆ ದಾಟಿ ಮರೆಯಾದ ಮೇಲೆ ಎಂಜಿನಿಯರಮ್ಮ ಮೇಸ್ತ್ರಿಯನ್ನು ಕರೆದಳು. "ಕನ್ನಡಿ ಇಳಿಸಿ. ಆ ಹಾಳು ಚೌಕಟ್ಟನ್ನೂ ಎತ್ತರಿಸಿ. ಏನೂ ಕೇಳಬೇಡಿ."

ಅಂದು ಮೇಸ್ತ್ರಿ ಸಿಳ್ಳೆ ಹಾಕುತ್ತಾ ಕೆಲಸ ಮಾಡಿದ.

ಕನ್ನಡಿ ಇಳಿದ ಸುದ್ದಿ ಕೇಳಿ ಅಜ್ಜ ಎದ್ದು ಕೂತು ಗಂಜಿ ಕುಡಿದರಂತೆ. ಮಂದಿರ ತೆರೆಯುವ ಹೊತ್ತಿಗೆ ಓಡಾಡುವಷ್ಟು ಚೇತರಿಸಿಕೊಂಡಿದ್ದರು. ಅಂದು ರಾಜ-ರಾಣಿ ಹಳೆಯ ನಾಟಕದ ಒಂದೇ ಒಂದು ದೃಶ್ಯ ಆಡುವುದೆಂದು ನಿಶ್ಚಯವಾಯಿತು. ಜನ ಕಿಕ್ಕಿರಿದರು. ಎಂಜಿನಿಯರಮ್ಮ ಮೇಸ್ತ್ರಿಯ ಪಕ್ಕ ಮುಂದಿನ ಸಾಲಿನಲ್ಲಿ ಕೂತಳು. ಇನ್ನು ಯಾವ ತಪ್ಪು ಹುಡುಕುತ್ತಾರೋ ಎಂಬ ಅಳುಕು ಅವಳಿಗೆ.

ಪರದೆ ಸರಿಯಿತು. ಎಡಗಡೆಯಿಂದ ಮೀಸೆ ತಿರುವುತ್ತಾ ರಾಜ ಬಂದ. ಮೊದಲ ಮಾತಿಗೇ ಮಂದಿರ ಗುಡುಗಿತು. ಬಲಗಡೆಯಿಂದ ರಾಣಿ ಹೆಜ್ಜೆಯ ಸದ್ದಾಗದಂತೆ ಬಂದು, ಮುಖ ತಗ್ಗಿಸಿ, ಜೇನು ಸುರಿದಂಥ ದನಿಯಲ್ಲಿ ಗಂಡನನ್ನು ಯುದ್ಧಕ್ಕೆ ಬೀಳ್ಕೊಟ್ಟಳು. ಎಂಜಿನಿಯರಮ್ಮನ ಇಷ್ಟು ದಿನದ ಕಿರಿಕಿರಿಯೆಲ್ಲ ಎಲ್ಲಿ ಹೋಯಿತೋ.

"ಅಜ್ಜನಿಗೆ ಈ ಗಂಟಲು ಎಲ್ಲಿತ್ತು ಮೇಸ್ತ್ರೀ? ಮಾತಾಡಿದ್ರೆ ಪಿಸುಗುಟ್ಟಿದ ಹಾಗಿರ್ತಿತ್ತಲ್ಲ!"

"ನೋಡ್ತಿರಿ ಮೇಡಂ," ಎಂದ ಮೇಸ್ತ್ರಿ, ನಗು ತಡೆಯುತ್ತಾ.

ದೃಶ್ಯ ಮುಗಿಯಿತು. ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ರಾಣಿ ನಾಚುತ್ತಾ ಮುಂದೆ ಬಂದು, ಸಭೆಗೆ ಕೈಮುಗಿದು, ಉದ್ದ ಜಡೆಯ ಟೋಪನ್ ಕಳಚಿದಳು.

ದೀಪದ ಬೆಳಕಿನಲ್ಲಿ ಅಜ್ಜನ ಬೋಳುತಲೆ ಫಳಫಳ ಹೊಳೆಯಿತು.