ಬಲಗಡೆಯ ಹೂವು

ಸಾವುಕಾರರು ಹಾಸಿಗೆ ಹಿಡಿದಾಗ ಗಿರಣಿಗಳನ್ನೆಲ್ಲ ನಡೆಸಿದವಳು ಮಗಳು. ಆದರೂ ಯಜಮಾನಿಕೆ ಮಗನಿಗೇ ಸೇರಲೆಂದು ಅವರ ಆಸೆ. ಮಗಳ ಮುಖ ನೋಡಿ ಹೇಳಲಾರದೆ ತೀರ್ಮಾನವನ್ನು ವೀರಭದ್ರದೇವರಿಗೆ ಬಿಟ್ಟರು. ಮೂರ್ತಿಯ ಮೇಲಿಟ್ಟ ಎರಡು ಹೂಗಳಲ್ಲಿ ಬಲಗಡೆಯದು ಬಿದ್ದರೆ ಮಗ, ಎಡಗಡೆಯದು ಬಿದ್ದರೆ ಮಗಳು. ಎಡಗಡೆಯ ಹೂ ಬೀಳದಂತೆ ಗಂಧದಿಂದ ಅಂಟಿಸಲು ಪೂಜಾರಿಗೆ ಗುಟ್ಟಾಗಿ ಹೇಳಿದ್ದರು.

ಬಲಗಡೆಯ ಹೂ ಬಿತ್ತು.

“ದೇವರ ಮಾತಿಗೆ ಎದುರಿಲ್ಲಪ್ಪಾ,” ಎಂದ ಮಗಳು ಬೀಗದ ಕೈ ಗೊಂಚಲನ್ನು ಅಣ್ಣನಿಗೆ ಕೊಟ್ಟು, ಕೈಮುಗಿದು ಹೊರಗೆ ಹೋದಳು.

ಸಾವುಕಾರರು ತಲೆ ಎತ್ತದೆ ಪೂಜಾರಿಗೆ ಮೆಲ್ಲಗೆ ಹೇಳಿದರು: “ಈ ಪಾಪ ನಮ್ಮಿಬ್ಬರಲ್ಲೇ ಇರಲಿ, ಅಯ್ಯನವರೇ. ಅವಳಿಗೆ ತಿಳಿದರೆ ನಾನು ಮುಖ ತೋರಿಸಲಾರೆ.”

“ನಿನ್ನೆ ನೀವು ಹೇಳಿದ್ದು ನಿಮ್ಮ ಮಗಳ ಕಿವಿಗೂ ಬಿದ್ದಿತ್ತು, ಸಾವುಕಾರ್ರೇ. ‘ಗಟ್ಟಿಯಾಗಿ ಅಂಟಿಸಿ, ದೇವರ ಮುಂದೆ ಅಪ್ಪನ ತಲೆ ತಗ್ಗಬಾರದು’ ಅಂತ ಗಂಧ ತೇಯ್ದು ಕೊಟ್ಟವರೇ ಅವರು.”