ಹೊಸಿಲ ಮುಂದಿನ ಹಾಡು

ಆ ಊರಲ್ಲಿ ಯಾರ ಮನೆಗೂ ಬೀಗವಿಲ್ಲ. ಹೊಸಿಲ ಮುಂದೆ ನಿಂತು ಒಂದು ಸಾಲು ಹಾಡಿದರೆ ಬಾಗಿಲು ಮನೆಯವರ ದನಿ ಗುರುತಿಸಿ ತೆರೆಯುತ್ತದೆ. ಅಂಬುಜಾಕ್ಷಿಯ ಮೂಗುರಾಗ ಕೇಳಿ ಓಣಿಯೆಲ್ಲ ನಗುತ್ತಿತ್ತು. ಹಟ ತೊಟ್ಟು ಅವಳು ಸಂಗೀತ ಪಾಠಕ್ಕೆ ಸೇರಿದಳು.

"ಹೊಟ್ಟೆಯಿಂದ ಉಸಿರೆಳೀರಿ, ದವಡೆ ಸಡಿಲ ಬಿಡಿ," ಎಂದರು ಮೇಷ್ಟ್ರು. "ದಿನಾ ಬಾಗಿಲ ಮುಂದೆಯೂ ಸಾಧನೆ ಮಾಡಿ. ಹೊಸ ದನಿ ಅದಕ್ಕೂ ರೂಢಿಯಾಗಬೇಕು."

ಎಲ್ಲರನ್ನೂ ಒಮ್ಮೆಗೇ ಬೆರಗಾಗಿಸುವ ಆಸೆಗೆ ಅವಳು ಬಾಗಿಲ ಮುಂದೆ ಹಳೆಯ ರಾಗವನ್ನೇ ಎಳೆಯುತ್ತ ಬಂದಳು.

ಇಂದು ಸಂಜೆ ಬಾಯ್ತುಂಬ ಹಾಡಿದಳು. ಓಣಿ ತಲೆದೂಗಿತು. ಬಾಗಿಲು ಮಾತ್ರ ಮಿಸುಕಲಿಲ್ಲ.

"ಅಂಬು, ಹೊರಗೆ ಯಾರೇ ಅದು?" ಒಳಗಿನಿಂದ ಗಂಡನ ದನಿ.

"ಯಾರೋ ಏನೋ, ಚೆನ್ನಾಗಿ ಹಾಡ್ತಾಳೆ ಕಣ್ರೀ," ಎಂದಿತು ಒಳಗೇ ಇದ್ದ ಅವಳ ಹಳೆಯ ಮೂಗುದನಿ.